ನೀರಿನ ಜಾಡು ಹಿಡಿದು: ಊಡ್ನಡಾಟ ಟ್ರ್ಯಾಕ್‌ನಲ್ಲಿ ಅಪ್ಪನ ಜೊತೆ

ಸ್ಕ್ರೀನ್ ಮೇಲೆ ಕಾಣುತ್ತಿರುವ ಈ ಕೆಂಪು ರಸ್ತೆಯ ಹೆಸರು ಊಡ್ನಡಾಟ ಟ್ರ್ಯಾಕ್. ದಕ್ಷಿಣ ಆಸ್ಟ್ರೇಲಿಯಾದ ಮರೀ ಅನ್ನೋ ಪುಟ್ಟ ಊರಿನಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್. ಡಾಂಬರಿಲ್ಲ. ಬಹುತೇಕ ದಾರಿಯಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ. ನಡುವೆ ಪೆಟ್ರೋಲ್ ಸಿಗುವುದು ವಿಲಿಯಂ ಕ್ರೀಕ್ ಮತ್ತು ಊಡ್ನಡಾಟದಲ್ಲಿ. ಅಡಿಲೇಡ್‌ನಿಂದ ಹೊರಟಾಗ ಕಾರಿನಲ್ಲಿ ನಾನು, ನನ್ನ ಗಂಡ, ಮತ್ತು ಚಿತ್ರದುರ್ಗದ ಕಡೆಯಿಂದ ಬಂದಿದ್ದ ನಮ್ಮಪ್ಪ.

ಅಪ್ಪನಿಗೆ ಕಾಂಗರೂ ನೋಡುವ ಆಸೆಯೇನೂ ಇರಲಿಲ್ಲ. ಹೊಲದಲ್ಲಿ ಬೋರ್ ಕೊರೆಸಿ ಕೊರೆಸಿ ಸಾಕಾಗಿರುವ ಮನುಷ್ಯ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಒಂದೇ: "ಇಲ್ಲಿ ಎಷ್ಟು ಅಡಿಗೆ ನೀರು ಸಿಗುತ್ತವ್ವ?"

ರಸ್ತೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗಾಡಿಗಳು ಓಡಿ ಓಡಿ ಮಣ್ಣು ತಗಡಿನ ಶೀಟಿನ ಹಾಗೆ ಅಡ್ಡಡ್ಡ ಏರುಪೇರಾಗಿರುತ್ತದೆ. ಟೈರಿನ ಗಾಳಿ ಇಳಿಸಿಕೊಂಡೇ ಓಡಿಸಬೇಕು. ಇಲ್ಲದಿದ್ದರೆ ನಟ್ಟು ಬೋಲ್ಟಿನ ಜೊತೆ ನಮ್ಮ ಹಲ್ಲೂ ಸಡಿಲ! ಜೋರು ಮಳೆ ಬಂದರೆ ರಸ್ತೆ ಮುಚ್ಚುತ್ತಾರೆ. ಮುಚ್ಚಿದ ಮೇಲೆ ಇಳಿದರೆ ದಂಡ. ಕತ್ತಲಾದ ಮೇಲಂತೂ ಓಡಿಸಲೇಬೇಡಿ, ಕಾಂಗರೂ, ದನ ಎಲ್ಲಾ ಅಡ್ಡ ಬರುತ್ತವೆ.

ಈಗ ಬರುವ ಶಾಟ್ ಕಟ್ ಮಾಡಿಲ್ಲ, ಪೂರ್ತಿ ಇಟ್ಟಿದ್ದೇನೆ. ಸ್ವಲ್ಪ ತಾಳ್ಮೆಯಿಂದ ನೋಡಿ. ಇದು 'ದ ಬಬ್ಲರ್' ಅನ್ನೋ ನೀರಿನ ಬುಗ್ಗೆ. ಸುತ್ತ ಬಟಾಬಯಲು, ನಿಲ್ಲೋಕೆ ಒಂದು ಮರದ ನೆರಳಿಲ್ಲ. ಅಂಥ ಕಡೆ ಒಂದು ದಿಬ್ಬ, ಅದರ ನೆತ್ತಿಯಲ್ಲಿ ಹೊಂಡ. ತಳದ ನುಣ್ಣನೆ ಮರಳು ಮೆಲ್ಲಗೆ ಉಬ್ಬುತ್ತದೆ, ಸುತ್ತಿಕೊಂಡು ಮೇಲೇಳುತ್ತದೆ, ಬುಳಕ್ ಅಂತ ಗುಳ್ಳೆ ಒಡೆದು ಮತ್ತೆ ಕೆಳಗೆ ಕೂರುತ್ತದೆ. ಅಪ್ಪ ಕಟಕಟೆ ಹಿಡಿದು ಬಗ್ಗಿ ನೋಡಿ, "ಮೋಟರ್ ಎಲ್ಲಿಟ್ಟಿದ್ದಾರೆ?" ಅಂದರು. ತಮಾಷೆಗಲ್ಲ, ನಿಜವಾಗಿಯೂ ಹುಡುಕುತ್ತಿದ್ದರು.

ಮೋಟರ್ ಇಲ್ಲ. ಕೆಳಗಿರುವುದು ಗ್ರೇಟ್ ಆರ್ಟೀಸಿಯನ್ ಬೇಸಿನ್ ಅನ್ನೋ ಅಂತರ್ಜಲದ ದೊಡ್ಡ ಭಂಡಾರ. ಸುಮಾರು 17 ಲಕ್ಷ ಚದರ ಕಿಲೋಮೀಟರ್, ಅಂದರೆ ಖಂಡದ ಐದನೇ ಒಂದು ಭಾಗಕ್ಕಿಂತ ಜಾಸ್ತಿ. ಹೆಚ್ಚಾಗಿ ಪೂರ್ವದ ಬೆಟ್ಟಗಳ ಕಡೆ ಸುರಿದ ಮಳೆ ಮರಳುಗಲ್ಲಿನ ಪದರಕ್ಕೆ ಇಂಗುತ್ತದೆ. ಅದರ ಮೇಲೆ ನೀರು ಬಿಡದ ಇನ್ನೊಂದು ಪದರ. ಹಾಗಾಗಿ ನೀರು ಒತ್ತಡದಲ್ಲೇ ನೆಲದಡಿ ಸಾಗಿ ಬರುತ್ತದೆ, ಲಕ್ಷಗಟ್ಟಲೆ ವರ್ಷ ಹಿಡಿಯುತ್ತದೆ. ಇಲ್ಲಿ ಬಿರುಕು ಸಿಕ್ಕಲ್ಲಿ ತಾನೇ ಉಕ್ಕುತ್ತದೆ. ಜೊತೆಗೆ ಬಂದ ಖನಿಜ, ಮರಳು ಕೂತು ಕೂತು ಈ ದಿಬ್ಬ ಬೆಳೆದಿದೆ. ನಮ್ಮೂರಿನದು ಗಟ್ಟಿ ಕಲ್ಲು, ನೀರೇನಿದ್ದರೂ ಕಲ್ಲಿನ ಸೀಳುಗಳಲ್ಲಿ. ಸೀಳು ತಪ್ಪಿದರೆ ಸಾವಿರ ಅಡಿ ಹೋದರೂ ಬರೀ ಧೂಳು. ಇದನ್ನೆಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡರು, ಆದರೆ ಕಣ್ಣು ಹೊಂಡದ ಮೇಲೇ ಇತ್ತು.

ಈ ನೆಲ ಅರಬಾನಾ ಜನರದು. ಅವರ ಕಥೆಯಲ್ಲಿ ಈ ಗುಳ್ಳೆಗಳು ಸಾಯುತ್ತಿರುವ ದೊಡ್ಡ ಹಾವೊಂದರ ಒದ್ದಾಟ. ಮರಳು ಹೊರಳುವುದನ್ನು ಐದು ನಿಮಿಷ ನೋಡಿದರೆ ಹಾವೇ ಅನ್ನಿಸುತ್ತದೆ.

ಆಮೇಲೆ ಮ್ಯಾಪ್ ತೆಗೆದು ನೋಡಿದಾಗ ನನಗೆ ಹೊಳೆದದ್ದು, ಈ ದಾರಿ ಹೋಗುವುದೇ ಬುಗ್ಗೆಯಿಂದ ಬುಗ್ಗೆಗೆ. ಮೊದಲು ಇಲ್ಲಿ ಓಡಾಡಿದವರು ಇಲ್ಲಿನ ಮೂಲನಿವಾಸಿಗಳು. ಆಮೇಲೆ ಬಂದ ಅನ್ವೇಷಕ ಜಾನ್ ಮೆಕ್‌ಡೊವಲ್ ಸ್ಟುವರ್ಟ್ ಅದೇ ನೀರು ನಂಬಿಕೊಂಡು ಉತ್ತರಕ್ಕೆ ಹೋದ, 1862ರಲ್ಲಿ ಆಚೆ ಕಡಲು ಮುಟ್ಟಿದ. 1872ರಲ್ಲಿ ಟೆಲಿಗ್ರಾಫ್ ತಂತಿ ಬಂತು. 1891ಕ್ಕೆ ರೈಲು ಊಡ್ನಡಾಟ ತಲುಪಿತು. ಉಗಿ ಎಂಜಿನ್‌ಗೆ ನೀರು ಬೇಕಲ್ವಾ? ಆದರೆ ಈ ನೀರಿನಲ್ಲಿ ಖನಿಜ ಜಾಸ್ತಿ, ಬಾಯ್ಲರ್ ಕೆಡುತ್ತಿತ್ತು. ಅದಕ್ಕೇ ನೀರು ಶುದ್ಧ ಮಾಡುವ ಕಬ್ಬಿಣದ ಗೋಪುರ ಕಟ್ಟಿದರು. ಕರ್ಡಿಮರ್ಕಾ ಅನ್ನೋ ಹಳೇ ರೈಲು ನಿಲುಗಡೆಯಲ್ಲಿ ಅದು ಇನ್ನೂ ನಿಂತಿದೆ, ರೈಲಿಲ್ಲ. ತಂತಿಗೂ ಹಳಿಗೂ ಸಾಮಾನು ಹೊತ್ತದ್ದು ಒಂಟೆಗಳು. ಇಲ್ಲಿ ಎಲ್ಲರೂ ಅವುಗಳ ಯಜಮಾನರನ್ನು 'ಆಫ್ಘನ್' ಅಂತಲೇ ಕರೆದರು. ಆದರೆ ಎಷ್ಟೋ ಜನ ಆಗಿನ ಬ್ರಿಟಿಷ್ ಇಂಡಿಯಾದ ಬಲೂಚಿಸ್ತಾನ, ಪಂಜಾಬ್ ಕಡೆಯವರು.

ಆ ರಾತ್ರಿ ಟೆಂಟ್ ಹಾಕಿದ್ದು ಕೌವರ್ಡ್ ಸ್ಪ್ರಿಂಗ್ಸ್‌ನಲ್ಲಿ. ಖರ್ಜೂರದ ಮರ, ಹಳೇ ರೈಲ್ವೆ ಮನೆ, ಪಕ್ಕದಲ್ಲೇ ಬೆಚ್ಚಗಿನ ನೀರಿನ ತೊಟ್ಟಿ. ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಷ್ಟರಲ್ಲಿ ನೊಣಗಳ ದಂಡು. ಅಪ್ಪ ಮಾತ್ರ ನೊಣದ ಬಲೆ ಮುಖಕ್ಕೆ ಇಳಿಬಿಟ್ಟುಕೊಂಡು ತೊಟ್ಟಿಯಲ್ಲಿ ಕೂತೇ ಇದ್ದರು. ಅದು 1880ರ ದಶಕದಲ್ಲಿ ರೈಲಿಗಾಗಿ ಕೊರೆದ ಬೋರ್ ನೀರು. ಹಿಡಿತವಿಲ್ಲದೆ ದಶಕಗಟ್ಟಲೆ ಹರಿದು ಸುತ್ತ ಜೌಗೇ ಆಗಿಬಿಟ್ಟಿತು. ಇಂಥ ಬೋರ್‌ಗಳು ಸಾವಿರಾರು. ಅವುಗಳಿಂದ ಬೇಸಿನ್‌ನ ಒತ್ತಡ ಇಳಿದು ಎಷ್ಟೋ ಬುಗ್ಗೆಗಳು ಬತ್ತಿವೆ, ಈಗ ಸರ್ಕಾರದ ಹಣದಲ್ಲೇ ಒಂದೊಂದಾಗಿ ಮುಚ್ಚುತ್ತಿದ್ದಾರೆ. ಇದನ್ನು ಕೇಳಿ ಅಪ್ಪನಿಗೆ ಸಿಟ್ಟೇ ಬಂತು. "ಸುಮ್ನೆ ಹರಿಯೋಕೆ ಬಿಟ್ಟರಾ? ಒಂದು ಗೇಟ್‌ವಾಲ್ವ್ ಹಾಕೋಕೆ ಏನು ಕಷ್ಟ?" ನನ್ನ ಗಂಡ ಏನೋ ಸಮಜಾಯಿಷಿ ಹೇಳೋಕೆ ಹೋದರು. ಪಾಪ, ಗೆಲ್ಲಲಿಲ್ಲ.

ವಿಲಿಯಂ ಕ್ರೀಕ್‌ನಲ್ಲಿ 'ಕಾಟಿ ಥಂಡಾ' ಅನ್ನೋ ಹೆಸರೂ ಇರುವ ಲೇಕ್ ಐರ್ ಕೆರೆಯ ಮೇಲೆ ಪುಟ್ಟ ವಿಮಾನದಲ್ಲಿ ಸುತ್ತಿಸುತ್ತಾರೆ. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ಉಪ್ಪಿನ ಬಯಲು ಅದು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ದೊಡ್ಡ ಮಳೆಯಾದ ವರ್ಷ ಮಾತ್ರ ಕೆರೆ. ಟಿಕೆಟ್ ದುಬಾರಿ. ನಾವು ಹತ್ತಲಿಲ್ಲ, ನನಗೇನೂ ಬೇಜಾರಿಲ್ಲ.

ಊಡ್ನಡಾಟ ದಾಟುವ ಮೊದಲು ಆಲ್ಜಿಬಕಿನಾ ಸೇತುವೆ ಸಿಗುತ್ತದೆ. 578 ಮೀಟರ್ ಉದ್ದದ ಕಬ್ಬಿಣದ ರೈಲ್ವೆ ಸೇತುವೆ, ಕೆಳಗೆ ನೀಲ್ಸ್ ನದಿ. ನಾವು ಹೋದಾಗ ಅಲ್ಲಲ್ಲಿ ಮಡು, ಉಳಿದದ್ದೆಲ್ಲ ಒಣ ಮರಳು. ಆದರೆ ಪ್ರವಾಹ ಬಂದರೆ ಹಳಿಯೇ ಕೊಚ್ಚಿಹೋಗುತ್ತಿತ್ತು, ರೈಲು ದಿನಗಟ್ಟಲೆ ನಡುದಾರಿಯಲ್ಲಿ. ಡೀಸೆಲ್ ಬಂದ ಮೇಲೆ ಎಂಜಿನ್‌ಗೆ ಬುಗ್ಗೆಯ ಹಂಗು ಉಳಿಯಲಿಲ್ಲ. 1980ರಲ್ಲಿ ಹೊಸ ಹಳಿಯನ್ನು ದೂರದ ಪಶ್ಚಿಮಕ್ಕೆ ಹಾಕಿ ಇದನ್ನು ಬಿಟ್ಟೇಬಿಟ್ಟರು.

ಹೋಗುವವರಿದ್ದರೆ ಮೇ ಮತ್ತು ಆಗಸ್ಟ್ ನಡುವೆ ಹೋಗಿ. ಬೇಸಿಗೆ ಬೇಡವೇ ಬೇಡ, ಊಡ್ನಡಾಟದಲ್ಲಿ 1960ರ ಜನವರಿಯಲ್ಲಿ 50.7 ಡಿಗ್ರಿ ದಾಖಲಾಗಿದೆ. ಕುಡಿಯುವ ನೀರು ಅಡಿಲೇಡ್‌ನಿಂದಲೇ ತುಂಬಿಕೊಳ್ಳಿ, ಬುಗ್ಗೆ ನಂಬಬೇಡಿ, ಉಪ್ಪುಪ್ಪು. ಸಾಧ್ಯವಾದರೆ ಒಂದು ರಾತ್ರಿ ಆಲ್ಜಿಬಕಿನಾ ಮಡುವಿನ ದಡದಲ್ಲಿ ಉಳಿಯಿರಿ. ಟಾಯ್ಲೆಟ್ ಇಲ್ಲ, ಸಲಿಕೆ ಮರೆಯಬೇಡಿ.