ಮತ್ತಿನಲ್ಲಿದ್ದಾಗ ಮಗ್ಗುಲು ಬದಲಿಸುವವರು ಯಾರು?

[ದೃಶ್ಯ: ಮದುವೆ ಊಟದ ಪಂಕ್ತಿ. ಒಬ್ಬರು ಏಳಲು ಹೋಗಿ ಪಕ್ಕದವರ ಭುಜ ಹಿಡಿದುಕೊಳ್ಳುತ್ತಾರೆ.]

ಮದುವೆ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತಿರುತ್ತೀರಿ. ಹೋಳಿಗೆ ಬರುವ ಹೊತ್ತಿಗೆ ಕಾಲು ಜೋಮು ಹಿಡಿದಿರುತ್ತದೆ. ಏನು ಮಾಡುತ್ತೀರಿ? ಸ್ವಲ್ಪ ಸರಿದು ಕೂರುತ್ತೀರಿ. ರಾತ್ರಿ ನಿದ್ದೆಯಲ್ಲೂ ಅಷ್ಟೇ. ಕೈ ಮೈಯಡಿ ಸಿಕ್ಕಿಕೊಂಡರೆ, ಎಚ್ಚರ ಆಗದಿದ್ದರೂ ಮಗ್ಗುಲು ಬದಲಿಸುತ್ತೀರಿ.

ನಮಸ್ಕಾರ. ನಾನು ಅನಸ್ತೇಶಿಯಾ ಡಾಕ್ಟರ್. ಊರ ಕಡೆ ಹೇಳುವ ಹಾಗೆ, 'ಮತ್ತು ಕೊಡೋ ಡಾಕ್ಟ್ರು'. ನಾನು ಔಷಧ ಕೊಟ್ಟ ಮೇಲೆ ನಿಮಗೆ ಜೋಮು ಗೊತ್ತಾಗುವುದಿಲ್ಲ. ಸ್ನಾಯು ಸಡಿಲಿಸುವ ಔಷಧವನ್ನೂ ಕೊಟ್ಟಿದ್ದರೆ ಅಲುಗಾಡುವುದೂ ಇಲ್ಲ. ಮೂರು ಗಂಟೆಯೋ ಐದು ಗಂಟೆಯೋ, ಇಟ್ಟ ಕೈ ಇಟ್ಟಲ್ಲೇ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಬರೀ ಸೊಂಟದಿಂದ ಕೆಳಗೆ ಮರಗಟ್ಟಿಸಿದರೂ ಕಾಲುಗಳ ಕತೆ ಇದೇ. ಅಷ್ಟು ಹೊತ್ತು ನಿಮ್ಮ ಮಗ್ಗುಲು ಬದಲಿಸುವ ಕೆಲಸ ನಮ್ಮದು.

[ದೃಶ್ಯ: ಮೊಣಕೈ, ತೀರಾ ಹತ್ತಿರದಿಂದ.]

ನಿಮ್ಮ ಮೊಣಕೈ ಒಳಬದಿಯ ಮೂಳೆಯನ್ನು ಮುಟ್ಟಿ ನೋಡಿ. ಬಾಗಿಲಿಗೆ ತಗುಲಿದರೆ ಕಿರುಬೆರಳಿನವರೆಗೂ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಅದೇ ಜಾಗ. ಆ ಮೂಳೆಯ ಹಿಂದಿನ ಸಂದಿನಲ್ಲಿ ಅಲ್ನಾರ್ ನರ ಹಾದುಹೋಗುತ್ತದೆ. ಮೇಲೆ ಮಾಂಸದ ಮೆತ್ತೆ ಇಲ್ಲ. ಚರ್ಮ, ಅದರಡಿ ನರ, ಅದರಡಿ ಮೂಳೆ.

ಈಗ ಕೈಯನ್ನು ಪಕ್ಕಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ಮೇಜಿನ ಮೇಲಿಡಿ. ಆ ಸಂದು ಮೇಜಿನ ಕಡೆಗೆ ಹೋಯಿತು. ಇನ್ನೀಗ ದಾನ ಕೇಳುವವರ ಹಾಗೆ ಅಂಗೈಯನ್ನು ಮೇಲೆ ಮಾಡಿ. ಭಾರ ಮೊಣಕೈ ತುದಿಯ ಗಟ್ಟಿ ಮೂಳೆಗೆ ಬಿತ್ತು, ನರ ಪಾರಾಯಿತು. ಅದಕ್ಕೇ ಓಟಿಯಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ, ಕೈ ಇಡುವ ಹಲಗೆಯಾದ ಆರ್ಮ್ ಬೋರ್ಡ್ ಮೇಲೆ ಕೈ ಚಾಚಿ ಇಡುವಾಗ ಅಂಗೈ ಮೇಲಕ್ಕೆ ಇರಬೇಕು. ಮೈ ಪಕ್ಕದಲ್ಲೇ ಇಟ್ಟರೆ ಅಂಗೈ ತೊಡೆಯ ಕಡೆಗೆ. ಮೊಣಕೈ ಕೆಳಗೆ ಗ್ಯಾಮ್ಜಿ ಪ್ಯಾಡ್ (ಬಟ್ಟೆ ಸುತ್ತಿದ ಹತ್ತಿಯ ಮೆತ್ತೆ) ಅಥವಾ ಜೆಲ್ ಪ್ಯಾಡ್. ಬಿಪಿ ಪಟ್ಟಿ ಜಾರಿ ಮೊಣಕೈ ಮೇಲೆ ಕೂರಬಾರದು.

ಜಜ್ಜುವುದು ಮಾತ್ರ ಅಲ್ಲ, ಎಳೆದರೂ ನರ ಕೆಡುತ್ತದೆ. ನರಕ್ಕೆ ಅದರದೇ ಕೂದಲೆಳೆಯಂಥ ರಕ್ತನಾಳಗಳಿವೆ. ಒತ್ತಿದರೂ ಎಳೆದರೂ ಅವು ಮುಚ್ಚಿ, ನರ ಉಸಿರುಗಟ್ಟುತ್ತದೆ. ಕುತ್ತಿಗೆಯಿಂದ ಕಂಕುಳಿಗೆ ಇಳಿಯುವ ನರಗಳ ಗೊಂಚಲಿಗೆ ಈ ಎಳೆತದ ಭಯ ಜಾಸ್ತಿ. ಕೈಯನ್ನು 90 ಡಿಗ್ರಿ ಮೀರಿ ಚಾಚಿ, ಮುಖವನ್ನು ಆಚೆ ಕಡೆ ತಿರುಗಿಸಿದರೆ ಆ ಗೊಂಚಲು ತಂತಿಯ ಹಾಗೆ ಬಿಗಿಯುತ್ತದೆ.

ಅಮೆರಿಕದಲ್ಲಿ ಅನಸ್ತೇಶಿಯಾ ಬಗ್ಗೆ ಪರಿಹಾರ ಕೇಳಿದ 4183 ಪ್ರಕರಣಗಳನ್ನು ಪರಿಶೀಲಿಸಿ 1999ರಲ್ಲಿ ಒಂದು ವರದಿ ಬಂತು. ಅದರಲ್ಲಿ 670 ನರದ ಪೆಟ್ಟಿನವು. ಆ 670ರಲ್ಲಿ ಶೇ. 28 ಅಲ್ನಾರ್ ನರ, ಶೇ. 20 ಈ ಗೊಂಚಲು. ಇವು ಕೇಸ್ ಹಾಕಿದವರ ಲೆಕ್ಕ ಮಾತ್ರ. ನೂರು ಆಪರೇಷನ್‌ಗೆ ಇಷ್ಟು ಅಂತ ಓದಿಕೊಂಡು ಹೆದರಬೇಡಿ.

[ದೃಶ್ಯ: ಸ್ಕೂಟರ್ ಕೀ ಹಿಡಿದ ಕೈ.]

ನಾನಿನ್ನೂ ಹೊಸಬನಾಗಿದ್ದಾಗಿನ ಮಾತು. ನಾಲ್ಕು ಗಂಟೆಯ ಆಪರೇಷನ್. ಶುರುವಿನಲ್ಲಿ ರೋಗಿಯ ಕೈ ಸರಿಯಾಗೇ ಇಟ್ಟಿದ್ದೆ. ಆಮೇಲೆ ಹಸಿರು ಬಟ್ಟೆ ಹೊದಿಸಿದರು, ಕೈ ಕಾಣದಾಯಿತು. ನಡುವೆ ಟೇಬಲ್ ಓರೆ ಮಾಡಿದರು. ಅಸಿಸ್ಟೆಂಟ್ ಸುಸ್ತಾಗಿ ಆ ಕಡೆಗೇ ಒರಗಿ ನಿಂತಿದ್ದರು. ನಾನು ಮಾನಿಟರ್ ನೋಡುತ್ತಾ ಕೂತೆ. ಮುಗಿದು ಬಟ್ಟೆ ತೆಗೆದಾಗ ಅಂಗೈ ಕೆಳಮುಖ ಆಗಿತ್ತು, ಪ್ಯಾಡ್ ನೆಲದ ಮೇಲಿತ್ತು. ಎರಡು ದಿನ ಬಿಟ್ಟು ರೋಗಿ ಹೇಳಿದ್ದು: "ಡಾಕ್ಟ್ರೇ, ಕಿರುಬೆರಳು ನಂದಲ್ಲ ಅನ್ನಿಸ್ತಿದೆ." ಮನೆಗೆ ಹೋದ ಮೇಲೆ ಫೋನ್ ಮಾಡಿದರು, ಸ್ಕೂಟರ್ ಕೀ ಹಿಡಿದು ತಿರುಗಿಸುವುದಕ್ಕೇ ಆಗುತ್ತಿಲ್ಲ ಅಂತ. ಹೆಬ್ಬೆರಳು ಒತ್ತಿ ಕೀ ಹಿಡಿಯುವ ಶಕ್ತಿ ಕೊಡುವುದು ಇದೇ ನರ. ಮೂರು ತಿಂಗಳಿಗೆ ಸರಿಹೋಯಿತು. ಆ ಮೂರು ತಿಂಗಳು ಅವರ ಫೋನ್ ಬಂದಾಗಲೆಲ್ಲ ನನ್ನ ಹೊಟ್ಟೆ ಕಿವುಚುತ್ತಿತ್ತು.

ಅಂದಿನಿಂದ ಟೇಬಲ್ ಅಲುಗಿಸಿದಾಗಲೆಲ್ಲ ಬಟ್ಟೆಯಡಿ ಕೈ ಹಾಕಿ ತಡವುತ್ತೇನೆ. "ಸರ್, ಒಂದ್ನಿಮಿಷ, ಕೈ ನೋಡ್ಬಿಡ್ತೀನಿ." ಕೆಲವು ಸರ್ಜನ್‌ಗಳು ಗೊಣಗುತ್ತಾರೆ. ಗೊಣಗಲಿ ಬಿಡಿ.

ಇನ್ನು ಕಾಲು. ಮೂಲವ್ಯಾಧಿ, ಗರ್ಭಕೋಶದಂಥ ಕೆಲವು ಆಪರೇಷನ್‌ಗೆ ಎರಡೂ ಕಾಲೆತ್ತಿ ಕಂಬಕ್ಕೆ ಕಟ್ಟುತ್ತಾರೆ. ಮಂಡಿಯ ಹೊರಬದಿ, ಸ್ವಲ್ಪ ಕೆಳಗೆ ಗುಂಡಗಿನ ಮೂಳೆ ಕೈಗೆ ಸಿಗುತ್ತದೆ. ಅದರ ಕುತ್ತಿಗೆಯನ್ನು ಸುತ್ತಿಕೊಂಡು ಒಂದು ನರ ಇಳಿಯುತ್ತದೆ. ಕಂಬ ಅಲ್ಲಿ ಒತ್ತಿದರೆ ಪಾದ ಎತ್ತುವ ಶಕ್ತಿ ಹೋಗಿ, ಚಪ್ಪಲಿ ತುದಿ ನೆಲಕ್ಕೆ ತಾಗಿ ಎಡವುತ್ತಾರೆ. ತೆಳ್ಳಗಿನವರು ಮತ್ತು ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ. ಎರಡು ಗಂಟೆ ಮೀರಿದರೆ ಇನ್ನೂ ಜಾಸ್ತಿ. ಕಾಲು ಎತ್ತುವುದೂ ಇಳಿಸುವುದೂ ಎರಡನ್ನೂ ಒಟ್ಟಿಗೇ, ಇಬ್ಬರು ಸೇರಿ. ನರದ ಮಾತಲ್ಲದಿದ್ದರೂ ಇನ್ನೊಂದು ಹೇಳಲೇಬೇಕು: ಆಪರೇಷನ್ ಮುಗಿದು, ಕೆಳಗಿಳಿಸಿದ್ದ ಟೇಬಲ್ಲಿನ ಕಾಲ್ಭಾಗ ವಾಪಸ್ ಎತ್ತುವಾಗ, ಪಕ್ಕದಲ್ಲಿರುವ ಕೈಬೆರಳುಗಳು ಆ ಸಂದಿಗೆ ಸಿಕ್ಕಿ ಜಜ್ಜಬಹುದು. ಬೆರಳು ಎಲ್ಲಿದೆ ಎಂದು ನೋಡದೆ ಬಟನ್ ಒತ್ತಬಾರದು.

[ದೃಶ್ಯ: ಬೋರಲು ಮಲಗಿಸಿದ ಗೊಂಬೆ, ಎದೆ ಮತ್ತು ಸೊಂಟದಡಿ ದಿಂಬು.]

ಬೆನ್ನುಮೂಳೆ ಆಪರೇಷನ್‌ಗೆ ಬೋರಲು ಮಲಗಿಸುತ್ತೇವೆ. ಹೊಟ್ಟೆ ಒತ್ತದೆ ಜೋತಾಡುತ್ತಿರಬೇಕು, ಇಲ್ಲದಿದ್ದರೆ ರಕ್ತಸ್ರಾವ ಹೆಚ್ಚುತ್ತದೆ. ಕಣ್ಣಿನ ಮೇಲೆ ಚೂರೂ ಭಾರ ಬೀಳಬಾರದು. ಉಡಿದಾರಕ್ಕೆ ಕಟ್ಟಿದ ತಾಯಿತವನ್ನೂ ಹುಡುಕುತ್ತೇನೆ. ಅದರ ಮೇಲೆ ಇಡೀ ಸೊಂಟದ ಭಾರ ಬಿದ್ದರೆ ಚರ್ಮದಲ್ಲಿ ಅಚ್ಚು ಒತ್ತಿರುತ್ತದೆ. ಬಿಚ್ಚುವುದಕ್ಕೆ ಅಜ್ಜಿಯರು ಒಪ್ಪುವುದಿಲ್ಲ. ಆಗ ದಾರ ಸಡಿಲಿಸಿ, ತಾಯಿತವನ್ನು ಬೆನ್ನ ಕಡೆಗೂ ತರದೆ, ಪಕ್ಕಕ್ಕೆ ಸರಿಸಿ ಅಂಟಿಸುತ್ತೇವೆ.

ಹಾಗಾದರೆ ಎಲ್ಲ ನೋಡಿಕೊಂಡರೆ ನರಕ್ಕೆ ಏನೂ ಆಗುವುದಿಲ್ಲವೇ? ಆಗಬಹುದು. ಸಕ್ಕರೆ ಕಾಯಿಲೆಯಿಂದ ಮೊದಲೇ ಸೊರಗಿದ ನರ ಸ್ವಲ್ಪ ಒತ್ತಡವನ್ನೂ ತಾಳುವುದಿಲ್ಲ. ಎಲ್ಲ ಸರಿಯಾಗಿ ಮಾಡಿದರೂ, ಅದರಲ್ಲೂ ಗಂಡಸರಲ್ಲಿ, ಅಲ್ನಾರ್ ನರ ಕೆಲವೊಮ್ಮೆ ಕೈಕೊಡುತ್ತದೆ. ಹಾಗಾಗಿ ಹಿಂದಿನ ದಿನ ನಾವು ನೋಡಲು ಬಂದಾಗ ಹೇಳಿ: ಬೆರಳು ಮೊದಲೇ ಜೋಮು ಹಿಡಿಯುತ್ತಿತ್ತು, ಭುಜ ಪೂರ್ತಿ ಎತ್ತುವುದಕ್ಕೆ ಆಗುವುದಿಲ್ಲ, ಮಂಡಿ ಮಡಚುವುದಿಲ್ಲ. ಎಚ್ಚರ ಇದ್ದಾಗ ನೋಯುವ ಭಂಗಿಯಲ್ಲಿ ಮತ್ತು ಕೊಟ್ಟು ಮಲಗಿಸಬಾರದು.

ಆಪರೇಷನ್ ಆದ ಮೇಲೆ ಮರಗಟ್ಟಿದ್ದು ಬಿಡದಿದ್ದರೆ 'ತಾನೇ ಹೋಗುತ್ತೆ' ಅಂತ ಸುಮ್ನೆ ಇರಬೇಡಿ. ಬರೀ ಜೋಮಾದರೆ ಬಹುಪಾಲು ದಿನ, ವಾರಗಳಲ್ಲಿ ಇಳಿಯುತ್ತದೆ. ಶಕ್ತಿಯೇ ಹೋಗಿದ್ದರೆ ನರರೋಗ ತಜ್ಞರು ನೋಡಬೇಕು. ಸ್ನಾಯುವಿಗೆ ಸೂಜಿ ಹಾಕಿ ಮಾಡುವ ಇಎಂಜಿ ಪರೀಕ್ಷೆಯಲ್ಲಿ ಹೊಸ ಪೆಟ್ಟು ಕಾಣಲು ಎರಡು ಮೂರು ವಾರ ಬೇಕು. ಮೊದಲ ದಿನಗಳಲ್ಲೇ ಕಂಡರೆ ಪೆಟ್ಟು ಹಳೆಯದು ಎಂದರ್ಥ. ನರದೊಳಗಿನ ಎಳೆ ತುಂಡಾಗಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈಯಿಂದ ಅಂಗೈಗೆ 25 ಸೆಂಟಿಮೀಟರ್ ಅಂದರೆ 250 ದಿನ.

ಎಷ್ಟೋ ಸಲ ಅಲ್ನಾರ್ ನರದ ತೊಂದರೆ ಶುರುವಾಗುವುದು ಆಪರೇಷನ್ ಆಗಿ ಒಂದೆರಡು ದಿನ ಕಳೆದ ಮೇಲೆ. ಅಂದರೆ ಪೆಟ್ಟು ಓಟಿಯಲ್ಲೇ ಬೀಳಬೇಕೆಂದಿಲ್ಲ. ಮೊನ್ನೆ ವಾರ್ಡಿಗೆ ಹೋದೆ. ಹಿಂದಿನ ದಿನ ಆಪರೇಷನ್ ಆದವರು ಮೊಣಕೈ ಮಡಚಿ, ಮಂಚದ ಕಬ್ಬಿಣದ ಕಂಬಿಗೆ ಊರಿಕೊಂಡು ಫೋನ್ ನೋಡುತ್ತಿದ್ದರು. ಹೊಲಿಗೆ ನೋಡುವ ಮೊದಲು ಆ ಮೊಣಕೈ ಕೆಳಗೆ ಒಂದು ದಿಂಬು ಇಟ್ಟೆ.