ಕೈ ಕಟ್ಟುವ ಮೊದಲು ಬಾಯಿ ತೆರೆಸಿ ನೋಡಿ

[ರೇಖಾಚಿತ್ರ: ಊಟದ ತಟ್ಟೆಯ ಮುಂದೆ ಒಬ್ಬ ಯುವಕ, ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದಾನೆ]

ನಮಸ್ಕಾರ. 26 ವರ್ಷದ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಬೌದ್ಧಿಕ ಅಂಗವೈಕಲ್ಯವಿದೆ, ಮಾತು ಬರುವುದಿಲ್ಲ. ಕೆಲವು ದಿನಗಳಿಂದ ಊಟದ ಹೊತ್ತಿಗೆ ಬಲಗೆನ್ನೆಗೆ ಹೊಡೆದುಕೊಳ್ಳುತ್ತಾನೆ, ತಡೆಯಲು ಬಂದವರನ್ನು ತಳ್ಳುತ್ತಾನೆ. ವಸತಿ ಕೇಂದ್ರದಲ್ಲಿ ಸಲಹೆಗಳಿಗೆ ಬರವಿಲ್ಲ: ಕೈ ಕಟ್ಟಿ, ಕೋಣೆಯಲ್ಲಿ ಕೂಡಿಹಾಕಿ, ಮಾತ್ರೆ ಹೆಚ್ಚಿಸಿ. ಅವನ ದವಡೆ ಹಲ್ಲು ನೋಡೋಣ ಎಂದವರು ಮಾತ್ರ ಒಬ್ಬರೂ ಇಲ್ಲ.

ಈ ಮೂರೂ ನಿರ್ಬಂಧಗಳೇ. ಅಡುಗೆಮನೆಗೆ ಬೀಗ ಹಾಕುವುದೂ, ಗಾಲಿಕುರ್ಚಿಯನ್ನು ಕೈಗೆ ಸಿಗದಂತೆ ಇಡುವುದೂ ನಿರ್ಬಂಧವೇ. ಇವುಗಳಲ್ಲಿ ಯಾವುದಕ್ಕೂ ಮೊದಲು ಮೌಲ್ಯಮಾಪನ ನಡೆಯಬೇಕು.

[ಪರದೆಯ ಮೇಲೆ: ಮೊದಲು ದೇಹ]

ಹಲ್ಲುನೋವು, ಮಲಬದ್ಧತೆ, ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ, ಎದೆಯುರಿ, ಮುಟ್ಟಿನ ನೋವು, ಫಿಟ್ಸ್. ಡೌನ್ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಬರುವ ಸ್ಥಿತಿ ಇದ್ದರೆ ಥೈರಾಯ್ಡ್ ಪರೀಕ್ಷೆಯೂ ಬೇಕು. ನೋವನ್ನು ಹೇಳಿಕೊಳ್ಳಲಾಗದವರು ಅದನ್ನು ಕೈಯಿಂದ ತೋರಿಸುತ್ತಾರೆ. ನಾವೋ, ‘ಅವನ ಸ್ವಭಾವವೇ ಅಷ್ಟು’ ಎಂದು ಸುಮ್ಮನಾಗುತ್ತೇವೆ. ವೈದ್ಯರೂ ಹಾಗೆ ಹೇಳಿ ಕಳಿಸುವುದುಂಟು.

ನಂತರ ಒಂದು ನೋಟ್‌ಬುಕ್. ಘಟನೆಗೆ ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ಕಿತು ಅಥವಾ ಏನು ತಪ್ಪಿತು ಎಂದು ಒಂದೆರಡು ವಾರ ಬರೆದಿಡಿ. ಕೂಗಿದಾಗಲೆಲ್ಲ ತಣ್ಣೀರಿನ ಸ್ನಾನ ತಪ್ಪುತ್ತಿದ್ದರೆ ಸರಿಪಡಿಸಬೇಕಾದದ್ದು ನೀರನ್ನು. ಅಡುಗೆಯವರನ್ನು, ರಾತ್ರಿ ಪಾಳಿಯ ಆಯಾ ಅವರನ್ನು ತಪ್ಪದೆ ಕೇಳಿ. ತಿಂಗಳಿಗೊಮ್ಮೆ ಬರುವ ತಜ್ಞರಿಗಿಂತ ಹೆಚ್ಚು ಕಂಡವರು ಅವರು. ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದೂ ವಿಚಾರಿಸಿ. ‘ಅವನಿಗೆ ಅರ್ಥವಾಗುವುದಿಲ್ಲ’ ಎಂದು ತಂದೆಯ ಸಾವನ್ನೇ ಮುಚ್ಚಿಟ್ಟ ಮನೆಗಳಿವೆ.

[ಪರದೆಯ ಮೇಲೆ: ಮಾತ್ರೆ]

ನನ್ನನ್ನು ಹೆಚ್ಚು ಕಾಡುವುದು ಇದೇ, ಏಕೆಂದರೆ ಈ ಹಗ್ಗ ಕಣ್ಣಿಗೆ ಕಾಣುವುದಿಲ್ಲ. 2008ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ಬೌದ್ಧಿಕ ಅಂಗವೈಕಲ್ಯದ ಜೊತೆ ಆಕ್ರಮಣಕಾರಿ ವರ್ತನೆಯಿದ್ದ 86 ಜನರಲ್ಲಿ ಕೆಲವರಿಗೆ ರಿಸ್ಪೆರಿಡೋನ್, ಕೆಲವರಿಗೆ ಹ್ಯಾಲೋಪೆರಿಡಾಲ್ (ಎರಡೂ ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಔಷಧಿಗಳು), ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ನಾಲ್ಕು ವಾರಗಳಲ್ಲಿ ಮೂರೂ ಗುಂಪುಗಳಲ್ಲಿ ಆಕ್ರಮಣ ತಗ್ಗಿತು, ಹುಸಿ ಮಾತ್ರೆಯ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಇಂಥ ಔಷಧಿಗಳು ಕೆಲವರಲ್ಲಿ ಕೂರಲಾಗದ ಚಡಪಡಿಕೆ ತರುತ್ತವೆ. ಅದನ್ನೇ ರಂಪವೆಂದು ತಿಳಿದು ಪ್ರಮಾಣ ಏರಿಸಿದರೆ? ಹಾಗೆಂದು ಈಗ ಕೊಡುತ್ತಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

[ಪರದೆಯ ಮೇಲೆ: ಕಾನೂನು]

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯಿಂದ ಕಟ್ಟುವುದನ್ನೂ ಒಂಟಿಯಾಗಿ ಕೂಡಿಹಾಕುವುದನ್ನೂ ನಿಷೇಧಿಸಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಒಪ್ಪಿಗೆಯಿಂದ ಮಾತ್ರ ದೈಹಿಕ ನಿರ್ಬಂಧ. ಶಿಕ್ಷೆಗಾಗಿ ಕೂಡದು, ಸಿಬ್ಬಂದಿ ಕಡಿಮೆ ಎಂಬ ನೆಪಕ್ಕೂ ಕೂಡದು. ಆದರೆ ಇದೇ ಕಾಯ್ದೆ ‘ಮಾನಸಿಕ ಕಾಯಿಲೆ’ಯ ವ್ಯಾಖ್ಯೆಯಿಂದ ಬುದ್ಧಿಮಾಂದ್ಯತೆಯನ್ನು, ಅಂದರೆ ಬೌದ್ಧಿಕ ಅಂಗವೈಕಲ್ಯವನ್ನು, ಹೊರಗಿಟ್ಟಿದೆ. ಹೀಗಾಗಿ ಇಷ್ಟೆಲ್ಲ ನಿರ್ಬಂಧ ಅನುಭವಿಸುವವರಿಗೇ ಈ ರಕ್ಷಣೆ ನೇರವಾಗಿ ಸಿಗುವುದಿಲ್ಲ. ಆದರೂ ವಸತಿ ಕೇಂದ್ರಗಳು ಇದಕ್ಕಿಂತ ಕೆಳಗಿನ ಅಳತೆಗೆ ಇಳಿಯಬಾರದು ಎಂಬುದು ನನ್ನ ಅಭಿಪ್ರಾಯ.

ಎಲ್ಲವನ್ನೂ ನೋಡಿದ ಮೇಲೂ ನಿರ್ಬಂಧ ಅನಿವಾರ್ಯವಾದರೆ ಏಕೆ, ಎಷ್ಟು ಹೊತ್ತು, ಯಾರ ಒಪ್ಪಿಗೆಯಿಂದ, ಯಾವ ದಿನ ಮರುಪರಿಶೀಲನೆ ಎಂಬುದು ಲಿಖಿತವಾಗಿರಲಿ. ಕುಟುಂಬದವರೇ, ಆ ಕಾಗದವನ್ನು ಕೇಳಿ ಪಡೆಯಿರಿ. ಕಾಗದ ಕೊಡದೆ ಹಿಂಸೆಯೇ ನಡೆಯುತ್ತಿದೆ ಎನಿಸಿದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 7ನೇ ಕಲಮಿನಡಿ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ನಮ್ಮ ತಾಲ್ಲೂಕುಗಳಲ್ಲಿ ಅಂದರೆ ತಹಶೀಲ್ದಾರರಿಗೆ.