ಯಾವ ಪುಟ, ಅದನ್ನು ಹೇಳಿ

ಕೇಳುಗರಿಗೆ ನಮಸ್ಕಾರ. ಹರುಕಿ ಮುರಾಕಾಮಿಯವರ ‘ಕಾಫ್ಕಾ ಆನ್ ದಿ ಶೋರ್’ ಕಾದಂಬರಿಯ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಜಪಾನಿನಲ್ಲಿ 2002ರಲ್ಲಿ ಬಂದ ಪುಸ್ತಕ. 2005ರಲ್ಲಿ ಫಿಲಿಪ್ ಗೇಬ್ರಿಯಲ್ ಅವರ ಇಂಗ್ಲಿಷ್ ಅನುವಾದ ಬಂತು. ಓದಿದವರು ನನ್ನ ಹತ್ತಿರ ಬಂದು ಹೇಳುವುದು ಒಂದೇ ಮಾತು: ‘ಮೇಡಂ, ಅರ್ಧ ತುಂಬ ಹಿಡಿಸಿತು, ಅರ್ಧ ತಲೆ ಕೆಡಿಸಿತು. ಇದು ಒಳ್ಳೆಯ ಪುಸ್ತಕವೋ ಅಲ್ಲವೋ?’ ದಯವಿಟ್ಟು ಹಾಗೆ ಕೇಳಬೇಡಿ. ಯಾವ ಪುಟ ಹಿಡಿಸಿತು, ಯಾವ ಪುಟ ಬೇಸರ ತರಿಸಿತು, ಅದನ್ನು ಹೇಳಿ.

ಇಲ್ಲಿ ಎರಡು ಕಥೆಗಳಿವೆ. ಬೆಸ ಸಂಖ್ಯೆಯ ಅಧ್ಯಾಯಗಳು ಹದಿನೈದು ವರ್ಷದ ಹುಡುಗನವು. ತನಗೆ ತಾನೇ ಕಾಫ್ಕಾ ಎಂದು ಹೆಸರಿಟ್ಟುಕೊಂಡು, ಟೋಕಿಯೋದ ಅಪ್ಪನ ಮನೆ ಬಿಟ್ಟು, ಶಿಕೊಕು ದ್ವೀಪದ ತಕಮತ್ಸುವಿಗೆ ಓಡಿಹೋಗಿ, ಅಲ್ಲೊಂದು ಗ್ರಂಥಾಲಯ ಸೇರಿಕೊಳ್ಳುತ್ತಾನೆ. ಸಮ ಸಂಖ್ಯೆಯವು ಹೆಚ್ಚಾಗಿ ನಕಾತಾ ಎಂಬ ಮುದುಕನವು. 1944ರಲ್ಲಿ ಶಾಲೆಯ ಮಕ್ಕಳು ಗುಡ್ಡಕ್ಕೆ ಅಣಬೆ ಹುಡುಕಲು ಹೋಗಿ ಒಟ್ಟಿಗೇ ಪ್ರಜ್ಞೆ ತಪ್ಪುತ್ತಾರೆ. ಮಿಕ್ಕವರು ಬೇಗ ಏಳುತ್ತಾರೆ. ಅವರಲ್ಲೊಬ್ಬನಾದ ನಕಾತಾ ಮಾತ್ರ ವಾರಗಳ ನಂತರ ಕಣ್ಣು ಬಿಟ್ಟಾಗ ಓದು, ಬರಹ, ನೆನಪು ಯಾವುದೂ ಇಲ್ಲ. ಆದರೆ ಬೆಕ್ಕುಗಳ ಜೊತೆ ಮಾತಾಡಬಲ್ಲ.

ನಮ್ಮ ಓದುಗರ ಕೂಟದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ವಿಸ್ಕಿ ಬಾಟಲಿಯ ಮೇಲಿನ ಜಾನಿ ವಾಕರ್ ವೇಷದವನು ಬೆಕ್ಕುಗಳನ್ನು ಒಂದೊಂದಾಗಿ ಕೊಲ್ಲುವ ಅಧ್ಯಾಯಕ್ಕೆ ಬಂದಾಗ ಪುಸ್ತಕ ಮುಚ್ಚಿಬಿಟ್ಟರು. ‘ಇದನ್ನೆಲ್ಲ ಯಾಕಮ್ಮ ಓದಿಸ್ತೀರಿ?’ ಎಂದು ರೇಗಿದರು. ಅದಕ್ಕೆ ಮುಂಚಿನದು ಹೇಗಿತ್ತು ಸಾರ್ ಎಂದೆ. ಅಷ್ಟೇ, ಎದ್ದು ನಿಂತು ಶುರುಮಾಡಿದರು. ಖಾಲಿ ಸೈಟಿನಲ್ಲಿ ನಕಾತಾ ಒಂದು ಮುದಿ ಬೆಕ್ಕಿಗೆ ವಿನಯವಾಗಿ ಹೆಸರು ಕೇಳುತ್ತಾನೆ. ಮರೆತುಹೋಗಿದೆ ಅನ್ನುತ್ತದೆ ಬೆಕ್ಕು. ಹಾಗಾದರೆ ಓತ್ಸುಕಾ ಅನ್ನಲೇ ಎಂದು ಅಪ್ಪಣೆ ಬೇಡುತ್ತಾನೆ! ಆ ಮರ್ಯಾದೆಯನ್ನು ನಮ್ಮ ಹಿರಿಯರು ಬಾಯ್ತುಂಬ ಹೊಗಳಿದರು. ಬೆಕ್ಕು ಕೊಲ್ಲುವ ಅಧ್ಯಾಯ ದಾಟಿದ ಮೇಲೆ ಬರುವ ಪೊಲೀಸ್ ಚೌಕಿಯ ಪ್ರಸಂಗವನ್ನು ನಾನು ಹೇಳಿದೆ. ನಾಳೆ ಸಂಜೆ ಡ್ಯೂಟಿಯಿದ್ದರೆ ಕೊಡೆ ತನ್ನಿ, ಮೀನಿನ ಮಳೆ ಬರುತ್ತದೆ, ಹೆಚ್ಚಾಗಿ ಬೂತಾಯಿ, ನಡುನಡುವೆ ಬಂಗುಡೆ ಎನ್ನುತ್ತಾನೆ ನಕಾತಾ. ಕೊಡೆ ಮಗುಚಿ ಹಿಡಿದರೆ ಊಟಕ್ಕಾಯಿತಲ್ಲ ಎಂದು ಪೊಲೀಸಿನ ಹುಡುಗ ನಗುತ್ತಾನೆ. ಮರುದಿನ ಸುರಿದೇ ಸುರಿಯುತ್ತದೆ! ಮಾತು ಹೀಗೇ ಸಾಗಿತು, ಯಾರೂ ಗಡಿಯಾರ ನೋಡಲಿಲ್ಲ. ಅದೇ ಸಂಜೆ ಹಿರಿಯರು ಪುಸ್ತಕವನ್ನು ಮತ್ತೆ ಮನೆಗೆ ಒಯ್ದರು. ಮುಗಿಸಿದ ಮೇಲೆ ಹೊಶಿನೋ ಎಂಬ ಲಾರಿ ಡ್ರೈವರ್‌ನ ಬಗ್ಗೆಯೇ ಮಾತು. ಸಂಗೀತದ ಗಂಧವಿಲ್ಲದ ಆ ಹುಡುಗ ಕಾಫಿ ಅಂಗಡಿಯಲ್ಲಿ ಕೂತು ಬೀಥೋವನ್‌ನ ‘ಆರ್ಚ್‌ಡ್ಯೂಕ್’ ಕೇಳುತ್ತಾನಲ್ಲ, ಆ ಪುಟಗಳು. ಬೆಕ್ಕು ಕೊಲ್ಲುವ ಅಧ್ಯಾಯವನ್ನು ಅವರು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸಬೇಕಾಗಿಯೂ ಇಲ್ಲ. ಯಾವ ಪುಟ ಎಂದು ಅವರಿಗೆ ಗೊತ್ತು, ನನಗೆ ಅಷ್ಟು ಸಾಕು.

ಸಮಯ ಆಗುತ್ತಾ ಬಂತು, ಹುಡುಗನ ಕಥೆಗೆ ಬೇಗ ಬರುತ್ತೇನೆ. ನನಗೆ ಬೇಸರ ತಂದದ್ದು ಅದೇ. ಗ್ರಂಥಾಲಯದ ಓಶಿಮಾ ಬಾಯಿ ತೆರೆದರೆ ಉಪನ್ಯಾಸ. ಆ ಗ್ರಂಥಾಲಯವನ್ನು ನಡೆಸುವ ಸಾಯೆಕಿಯಂಥ ಹೆಂಗಸಿಗೆ ಅಷ್ಟು ದೊಡ್ಡ ದುಃಖ ಕೊಟ್ಟು, ಕೊನೆಗೆ ಆಕೆಯನ್ನು ಹುಡುಗನ ಕನಸಿಗೆ, ಬಯಕೆಗೆ ಒದಗುವಷ್ಟಕ್ಕೇ ಇಳಿಸಿದ್ದು ನನಗೆ ಒಪ್ಪಿಗೆಯಿಲ್ಲ. ಮೀನಿನ ಮಳೆಯನ್ನು ನಂಬಿದೆ, ಇದನ್ನು ನಂಬಲಿಲ್ಲ.

ಒಗಟುಗಳ ಅರ್ಥ ಕೇಳುವವರಿಗೆ ಒಂದು ಮಾತು. ಪ್ರಕಾಶಕರು ಪ್ರಶ್ನೆಗಳಿಗೆಂದು ಜಾಲತಾಣ ತೆರೆದಾಗ 8,000ಕ್ಕೂ ಹೆಚ್ಚು ಪ್ರಶ್ನೆ ಬಂದವು. ಮುರಾಕಾಮಿ ಸುಮಾರು 1,200ಕ್ಕೆ ತಾವೇ ಉತ್ತರ ಬರೆದರು. ಆದರೂ ಅವರು ಕೊಟ್ಟ ಸಲಹೆ, ಇನ್ನೊಮ್ಮೆ ಓದಿ ಎಂದು. ಸಮ ಅಧ್ಯಾಯಗಳನ್ನು ನಾನು ಖಂಡಿತ ಓದುತ್ತೇನೆ. ನಮಸ್ಕಾರ.